ಜಯಮಂಗಲಿಯ ದಡದಲ್ಲಿ ನಿಂತ ಮನೆಗಾಡಿ

ಪುರವರದ ಹತ್ತಿರ
ಆಗಸ್ಟ್ 6

ಹಂಪಕ್ಕನಿಗೆ ನಾಗವೇಣಿಯ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾವಿಬ್ಬರೂ ಚೆನ್ನಾಗಿದ್ದೇವೆ. ಕೆಟ್ಟು ನಿಂತಿರುವುದು ಗಾಡಿ. ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಕೇಳಿಸುವುದಿಲ್ಲ. ಪಕ್ಕದ ಮನೆಯವರ ಮೊಬೈಲಿಗೆ ಬರೆದು ಹಾಕಿದರೆ ನಿಮಗಿಂತ ಮುಂಚೆ ಇಡೀ ಓಣಿ ಓದುತ್ತದೆ. ಅದಕ್ಕೇ ಈ ಕಾಗದ.

ಹಳೆಯ ಮಿನಿಬಸ್ಸಿನೊಳಗೆ ಮಂಚ, ಒಲೆ, ನೀರಿನ ಡ್ರಮ್ಮು ಎಲ್ಲ ಹೊತ್ತುಕೊಂಡು ಇದು ಕನ್ಯಾಕುಮಾರಿ ಮುಟ್ಟೀತೇ ಎಂದು ಹೊರಡುವ ದಿನ ನೀವು ಕೇಳಿದ್ದಿರಿ. ಬಳ್ಳಾರಿ ದಾಟುವವರೆಗೂ ಮುಟ್ಟುತ್ತದೆ ಎಂದೇ ನನಗೆ ಅನ್ನಿಸಿತ್ತು. ನಿಮ್ಮ ತಮ್ಮ ಸಿಂಧನೂರಿನ ಅಕ್ಕಿಯನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿ ನೋಡಿ ಬಂದ ಸಮುದ್ರ ಅದು. ನನಗೂ ತೋರಿಸುತ್ತೇನೆ ಎಂದು ಮದುವೆಯಾದಾಗಿನಿಂದ ಹೇಳುತ್ತಿದ್ದರು. ಟಾರ್ಪಾಲಿನ ಹಗ್ಗ ಬಿಗಿಯುವಾಗ ಲಾರಿಯ ಮೇಲಿಂದ ಬಿದ್ದು ಕಾಲುಗಳ ಬಲ ಹೋದ ಮೇಲೆ ಆ ಮಾತೂ ನಿಂತುಹೋಯಿತು. ಅವರು ತೋರಿಸಲಾರದಿದ್ದರೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಡ್ರೈವಿಂಗ್ ಕಲಿತೆ. ಇದೆಲ್ಲ ನಿಮಗೆ ಗೊತ್ತಿರುವುದೇ.

ನಿನ್ನೆ ಪಾವಗಡದ ವಳ್ಳೂರಿನ ಹತ್ತಿರ ಹಾದು ಬಂದೆವು. ರಸ್ತೆಯ ಎರಡೂ ಕಡೆ ನೆಲವೇ ಕಾಣಲಿಲ್ಲ ಅಕ್ಕ, ಬರೀ ಗಾಜು. ಕಣ್ಣು ಹೋಗುವಷ್ಟು ದೂರಕ್ಕೂ ಸೋಲಾರ್ ಹಲಗೆಗಳು. ಮೊದಲು ಕೆರೆ ಎಂದುಕೊಂಡೆ. ಆಕಾಶದ ಮೋಡಗಳು ಆ ಗಾಜಿನ ಮೇಲೆ ನಡೆದು ಹೋಗುತ್ತಿದ್ದವು. ಟೀ ಅಂಗಡಿಯವನು ಅರ್ಧ ತೆಲುಗಿನಲ್ಲಿ, "ಎಂಡ ಪಂಟ ಅಮ್ಮಾ ಇದು. ನಮ್ಮ ಕಡೆ ಬಿಸಿಲೇ ಬೆಳೆ" ಎಂದ. ನಾನು ಲೋಟ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟಿದ್ದೆ. ಟೀ ಆರಿ ತಣ್ಣಗಾಗಿತ್ತು.

ಇವತ್ತು ಮಧುಗಿರಿಯಲ್ಲಿ ಇನ್ನೊಂದು ಬೆರಗು. ಊರಿನ ನೆತ್ತಿಯ ಮೇಲೆ ಒಂದೇ ಒಂದು ಕಲ್ಲು, ಅದೇ ಬೆಟ್ಟ. ಅದರ ತುದಿಯಲ್ಲಿ ಕೋಟೆ. ಅಲ್ಲಿಂದ ಪುರವರದ ಕಡೆ ಬಂದು, ಜಯಮಂಗಲಿ ಎಂಬ ಹೊಳೆಗೆ ಇಳಿಯುವ ಇಳಿಜಾರಿನಲ್ಲಿ ಗಾಡಿಯ ಮುಂದಿನಿಂದ ಹೊಗೆ ಎದ್ದಿತು. ಕಟಕಟ ಎಂದು ಸದ್ದಾಗಿ ಎಂಜಿನ್ ನಿಂತೇಹೋಯಿತು. ಹೊಲದಲ್ಲಿದ್ದವರು ಓಡಿಬಂದು ಗಾಡಿಯನ್ನು ತಳ್ಳಿ ಹೊಳೆಯ ಅಂಚಿನ ಹೊಂಗೆಮರದ ಕೆಳಗೆ ನಿಲ್ಲಿಸಿದರು. "ಇದು ಹೊಳೆಯಲ್ಲವೇ, ನೀರು ಬಂದರೆ?" ಎಂದೆ. ಸಣ್ಣರಂಗಯ್ಯ ಎಂಬ ರೈತರು ನಕ್ಕರು. "ಅಯ್ಯೋ ಬುಡಮ್ಮ, ಈ ಹೊಳೇಲಿ ನೀರ್ ಕಂಡಿದ್ದು ನಮ್ ಎಮ್ಮೆಗೂ ಮರ್ತೋಗೈತೆ. ನೆಳ್ಳೈತೆ, ಇಲ್ಲೇ ಇರಿ."

ಹೊಳೆಯ ತುಂಬ ಮರಳು, ಜಾಲಿಗಿಡ, ಎತ್ತಿನಗಾಡಿಯ ಜಾಡು. ನೀರಿನ ಗುರುತೇ ಇಲ್ಲ. ನಿಮ್ಮ ತಮ್ಮ ಗಟ್ಟಿಯಾಗಿದ್ದಾರೆ. ನಿಮ್ಮನ್ನು ಕೇಳಿದ್ದೇನೆ ಎಂದು ಬರೆಯಲು ಹೇಳಿದರು.

ನಾಗವೇಣಿ


ಸಿಂಧನೂರು
ಆಗಸ್ಟ್ 12

ನಾಗವೇಣಿ,

ನಿನ್ನ ಕಾಗದ ಮುಟ್ಟಿತು. ಗಾಜು ನೋಡಿದೆ, ಕಲ್ಲು ನೋಡಿದೆ ಎಂದು ಪುಟ ತುಂಬಿಸಿದ್ದೀ. ನನ್ನ ತಮ್ಮ ಏನು ಉಂಡ, ಬೆನ್ನಿನ ಹುಣ್ಣು ಮಾಯ್ದಿದೆಯೋ ಇಲ್ಲವೋ ಎಂಬುದಕ್ಕೆ ಒಂದು ಸಾಲಿಲ್ಲ.

ಕಾಲು ಇಲ್ಲದವನನ್ನು ಗಾಲಿಯ ಮೇಲೆ ಹಾಕಿಕೊಂಡು ಊರೂರು ತಿರುಗುವುದು ಬೇಡ ಎಂದು ನಾನು ಬಾಗಿಲಲ್ಲಿ ನಿಂತು ಹೇಳಿದೆ. ನೀನು ಕೇಳಲಿಲ್ಲ. ಕಿವಿ ಹೋಗಿರುವುದು ನನ್ನದು, ಕೇಳದವಳು ನೀನು. ಈಗಲಾದರೂ ಕೇಳು. ಆ ಗಾಡಿ ಅಲ್ಲೇ ಇರಲಿ. ಬಾಡಿಗೆಗೆ ಒಂದು ಕಾರು ಹಿಡಿದು ಅವನನ್ನು ಮನೆಗೆ ಕರೆದುಕೊಂಡು ಬಾ. ಇಲ್ಲಿ ಅವನ ಮಂಚ ಇದೆ, ಬಿಸಿನೀರು ಇದೆ, ನಾನಿದ್ದೇನೆ.

ಇನ್ನೊಂದು ಮಾತು. "ಕೇಳಿದ್ದೇನೆ ಎಂದು ಬರೆಯಲು ಹೇಳಿದರು" ಎಂದು ಬರೆದಿದ್ದೀ. ಪಂಪಾಪತಿಗೆ ಹೋಗಿರುವುದು ಕಾಲು, ಕೈಯಲ್ಲ. ನಮ್ಮವ್ವ ಸತ್ತ ಮೇಲೆ ಸ್ಲೇಟಿನ ಮೇಲೆ ಅವನ ಕೈ ಹಿಡಿದು ತಿದ್ದಿಸಿದವಳು ನಾನು. ಲಾರಿ ಮೇಲೆ ಹೋದಾಗಲೆಲ್ಲ ಊರೂರಿನಿಂದ ಕಾರ್ಡು ಹಾಕುತ್ತಿದ್ದ. ಈಗ ನನಗೆ ಎರಡು ಸಾಲು ಬರೆಯಲು ಅವನಿಗೆ ಪುರಸೊತ್ತಿಲ್ಲವೋ, ನೀನು ಕಾಗದ ಕೊಡಲಿಲ್ಲವೋ?

ಹಂಪಮ್ಮ


ಪುರವರದ ಹತ್ತಿರ
ಆಗಸ್ಟ್ 18

ಹಂಪಕ್ಕ,

ನಿಮ್ಮ ಕೋಪ ನನಗೆ ಅರ್ಥವಾಗುತ್ತದೆ. ಬೆನ್ನಿನ ಹುಣ್ಣು ಪೂರ್ತಿ ಒಣಗಿದೆ. ದಿನಕ್ಕೆ ಎರಡು ಸಲ ಒರೆಸಿ ಪೌಡರ್ ಹಾಕುತ್ತೇನೆ. ಊಟ ಚೆನ್ನಾಗಿ ಮಾಡುತ್ತಾರೆ. ಸಣ್ಣರಂಗಯ್ಯನವರ ಹೆಂಡತಿ ರಾಮಾಂಜಿನಮ್ಮ ದಿನವೂ ರಾಗಿ ಮುದ್ದೆ, ಹುರುಳಿ ಸಾರು ತಂದುಕೊಡುತ್ತಾರೆ. ಮೊದಲ ದಿನ ನಾನು ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿಯುತ್ತಾ ಕೂತಿದ್ದೆ. ಆಕೆ ಹಣೆ ಚಚ್ಚಿಕೊಂಡು, "ಅಗೀಬಾರ್ದು ಕಣಮ್ಮ, ಸಾರಲ್ಲಿ ಅದ್ದಿ ನುಂಗ್ಬೇಕು. ಇಂಗೆ ನೋಡು" ಎಂದು ನನ್ನೆದುರೇ ಅರ್ಧ ಮುದ್ದೆ ನುಂಗಿ ತೋರಿಸಿದರು. ನಮ್ಮ ಗಾಡಿಯ ಒಲೆ ಹಚ್ಚಿದಾಗಲೆಲ್ಲ ಬಂದು ಬಗ್ಗಿ ನೋಡುತ್ತಾರೆ. "ಗಾಲಿ ಮ್ಯಾಲೆ ಸಂಸಾರ!" ಎಂದು ಗಲ್ಲಕ್ಕೆ ಕೈ ಇಟ್ಟುಕೊಳ್ಳುತ್ತಾರೆ.

ಶಿರಾದಿಂದ ಹಬೀಬ್ ಸಾಬ್ ಎಂಬ ಮೇಸ್ತ್ರಿ ಬಂದಿದ್ದರು. ಎಂಜಿನ್ ಬಿಚ್ಚಿ ನೋಡಿ ತಲೆ ಆಡಿಸಿದರು. "ಗಾಬರಿ ಬೇಡ ಬೆಹೆನ್. ನೀರಿಲ್ದೆ ಕಾದು ಹಿಡ್ಕೊಂಡ್‌ಬಿಟ್ಟೈತೆ. ಪೂರಾ ಇಳಿಸ್ಬೇಕು. ಸಾಮಾನು ಹೈದರಾಬಾದಿಂದ ಬರ್ಬೇಕು, ಟೈಮ್ ಹಿಡೀತದೆ" ಎಂದರು. ಸರಪಳಿ ಹಾಕಿ ಎಂಜಿನ್ ಎತ್ತಿ ಚಿಕ್ಕ ಗೂಡ್ಸ್ ಗಾಡಿಯಲ್ಲಿ ಶಿರಾಕ್ಕೆ ಒಯ್ದಿದ್ದಾರೆ. ಈಗ ನಮ್ಮದು ಬರೀ ಮನೆ, ಗಾಡಿಯಲ್ಲ. ನೀವು ಹೇಳಿದ ಹಾಗೆ ಬಾಡಿಗೆ ಕಾರಿನಲ್ಲಿ ಬರಬಹುದಿತ್ತು. ಆದರೆ ಇಲ್ಲಿ ಇನ್ನಷ್ಟು ದಿನ ಇರೋಣ ಅನ್ನಿಸುತ್ತಿದೆ.

ಯಾಕೆಂದರೆ, ಅಕ್ಕ, ಮೊನ್ನೆ ಬೆಳಗಿನ ಹೊತ್ತು ಒಂದು ನೋಟ ನೋಡಿದೆವು. ನಿಮ್ಮ ತಮ್ಮ ಬೆಳಗಾದರೆ ಮಂಚದಿಂದ ಹಲಗೆಯ ಮೇಲೆ ಕೈಯಿಂದ ಜರುಗಿಕೊಂಡು ಹೋಗಿ ಡ್ರೈವರ್ ಸೀಟಿನಲ್ಲಿ ಕೂರುತ್ತಾರೆ. ಅಲ್ಲಿಂದ ಹೊಳೆಯೆಲ್ಲ ಕಾಣುತ್ತದೆ. ನಾನು ಟೀ ಕೊಡಲು ಹೋದರೆ ನನ್ನ ಕೈ ಹಿಡಿದು ನಿಲ್ಲಿಸಿದರು. ಗಾಜಿನಾಚೆ, ಮರಳಿನ ಮೇಲೆ ಜಿಂಕೆಗಳು! ಈ ಕಡೆ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆಯಂತೆ. ದಾರಿ ತಪ್ಪಿ ಬಂದಿದ್ದವೋ ಏನೋ. ಗಂಡು ಕಪ್ಪಗೆ, ಹೊಟ್ಟೆ ಬೆಳ್ಳಗೆ, ಕೊಂಬು ಹಗ್ಗ ಹೊಸೆದ ಹಾಗೆ. ಅದು ನಮ್ಮ ಗಾಡಿಯನ್ನೇ ದಿಟ್ಟಿಸಿ ನೋಡಿತು. ನಾವೂ ಉಸಿರು ಬಿಗಿಹಿಡಿದು ನೋಡಿದೆವು. ಆಮೇಲೆ ನೆಲಕ್ಕೆ ಕಾಲೇ ತಾಗಲಿಲ್ಲವೇನೋ ಎನ್ನುವಂತೆ ಹಾರಿ ಹೋದವು. ಅವು ಹೋದ ಮೇಲೂ ನಿಮ್ಮ ತಮ್ಮ ನನ್ನ ಕೈ ಬಿಟ್ಟಿರಲಿಲ್ಲ.

ಅವರು ಇಲ್ಲಿಯವರ ಜೊತೆ ಮಾತಾಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಅದಕ್ಕೇ ಬರೆಯಲು ಆಗಿಲ್ಲ. ಬರೆಯುತ್ತಾರೆ.

ನಾಗವೇಣಿ


ಸಿಂಧನೂರು
ಆಗಸ್ಟ್ 24

ನಾಗವೇಣಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಜಿಂಕೆ ಬಂದಾಗ ಅವನು ನಿನ್ನ ಕೈ ಹಿಡಿದು ನಿಲ್ಲಿಸಿದ ಎಂದು ಬರೆದಿದ್ದೀ. ಏನೆಂದ ಎಂದು ಬರೆದಿಲ್ಲ. ಪಂಪಾಪತಿ ದಾರಿಯಲ್ಲಿ ನವಿಲು ಕಂಡರೂ ಕೂಗಾಡುವ ಮನುಷ್ಯ. ಹಿಂದಿನ ಕಾಗದದಲ್ಲೂ ಅವನ ಬಾಯಿಂದ ಬಂದದ್ದು ಒಂದೇ ಮಾತು, ಅದೂ ನನ್ನನ್ನು ಕೇಳಿದ್ದು. ಉಳಿದವರೆಲ್ಲ ಮಾತಾಡುತ್ತಾರೆ, ಆ ಊರಿನವರು, ಮೇಸ್ತ್ರಿ, ಟೀ ಅಂಗಡಿಯವನು. ಅವನೊಬ್ಬ ಮಾತಾಡುವುದಿಲ್ಲ.

ಕಿವಿ ಕೇಳದವರಿಗೆ ಬಾಯಿ ನೋಡಿ ತಿಳಿಯುವ ಅಭ್ಯಾಸ ಇರುತ್ತದೆ. ಕಾಗದದಲ್ಲೂ ಅಷ್ಟೇ.

ನನಗೆ ನಿಜ ಬರೆ. ನನ್ನನ್ನು ಬೈಗುಳದ ಮುದುಕಿ ಎಂದುಕೊಂಡಿದ್ದರೆ ಎಂದುಕೋ, ಪರವಾಗಿಲ್ಲ. ನಿಜ ಬರೆ. ಮತ್ತೆ, ಅವನನ್ನು ಒಬ್ಬನೇ ಬಿಟ್ಟು ಎಲ್ಲಿಗೂ ಹೋಗಬೇಡ. ಯಾಕೆಂದು ಕೇಳಬೇಡ.

ಹಂಪಮ್ಮ


ಪುರವರದ ಹತ್ತಿರ
ಆಗಸ್ಟ್ 30, ಬೆಳಗ್ಗೆ

ಅಕ್ಕ,

ಅವರು ಮಾತಾಡುತ್ತಿಲ್ಲ. ನಾಲ್ಕು ಜನ ಎತ್ತಿ ಗಾಡಿಯೊಳಗೆ ಕೂರಿಸಿದರಲ್ಲ, ಆ ಹೊತ್ತಿನಿಂದ ಒಂದು ಮಾತಿಲ್ಲ. ಬೇಕು, ಬೇಡ ಎಂದು ತಲೆ ಆಡಿಸುತ್ತಾರೆ ಅಷ್ಟೆ. "ನಿಮ್ಮನ್ನು ಕೇಳಿದರು" ಎಂದದ್ದು ನಾನೇ ಕಟ್ಟಿದ ಸುಳ್ಳು. ಕಾಗದ, ಪೆನ್ನು ಅವರ ಮಗ್ಗುಲಲ್ಲೇ ಇಟ್ಟಿದ್ದೇನೆ. ಮುಟ್ಟುವುದಿಲ್ಲ.

ನಾನು ಗಾಡಿ ಓಡಿಸುವಾಗ ಅವರು ಹಿಂದೆ ಮಲಗಿ ಚಾವಣಿ ನೋಡುತ್ತಿದ್ದರು. ಗೇರು ತಪ್ಪಾಗಿ ಹಾಕಿದರೆ ಅವರಿಗೆ ಗೊತ್ತಾಗುತ್ತದೆ, ಬೈಯಲಿ ಎಂದು ಬೇಕೆಂದೇ ತಪ್ಪು ಹಾಕಿದ್ದೂ ಉಂಟು. ಬೈಯಲಿಲ್ಲ. ಎಂಜಿನ್ ಕೆಟ್ಟ ದಿನ ವಾಸನೆ ನನಗಿಂತ ಮುಂಚೆ ಅವರಿಗೆ ಬಂದಿರಲೇಬೇಕು. ಆಗಲೂ ಸುಮ್ಮನಿದ್ದರು.

ರಾತ್ರಿ ಮಾತ್ರೆಗಳ ಡಬ್ಬಿಯನ್ನು ನನ್ನ ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತೇನೆ. ಯಾಕೆಂದು ಬರೆಯಲು ನನಗೂ ಧೈರ್ಯವಿಲ್ಲ. ಮನೆಯಲ್ಲಿ ಅವರು ಗೋಡೆ ನೋಡುತ್ತಾ ಇರುವುದನ್ನು ಕಂಡು ನನಗೆ ಹೆದರಿಕೆಯಾಗಿತ್ತು. ಅದಕ್ಕೇ ಹೊರಟೆ ಅಕ್ಕ, ಸಮುದ್ರದ ಆಸೆಗಲ್ಲ. ನಿಮಗೆ ಹೇಳಿದರೆ ಎದೆ ಒಡೆದುಕೊಳ್ಳುತ್ತೀರಿ ಎಂದು ಹೇಳಲಿಲ್ಲ.

ಆದರೆ ಜಿಂಕೆ ಬಂದದ್ದು ನಿಜ. ಕೈ ಹಿಡಿದದ್ದೂ ನಿಜ. ಆ ಒಂದಕ್ಕಾಗಿಯೇ ಇಲ್ಲಿ ಉಳಿದಿದ್ದೇನೆ.

ನಿನ್ನೆ ಕೊರಟಗೆರೆಯ ಕಡೆ, ಸಿದ್ದರಬೆಟ್ಟದ ಮೇಲೆ ಕಪ್ಪು ಮೋಡ ಕಟ್ಟಿ ಮಿಂಚುತ್ತಿತ್ತು. ಇಲ್ಲಿ ಒಂದು ಹನಿ ಬೀಳಲಿಲ್ಲ. ಈಗಲೂ ಬಿಸಿಲು ಚೆನ್ನಾಗಿದೆ. ಬಸ್ಸು ಬರುವ ಹೊತ್ತಾಯಿತು, ಪುರವರಕ್ಕೆ ಹೋಗಿ ಇದನ್ನು ಅಂಚೆಗೆ ಹಾಕಿ, ಅವರ ಮಾತ್ರೆ ತರುತ್ತೇನೆ. ಒಬ್ಬರನ್ನೇ ಬಿಡಬೇಡ ಎಂದಿರಿ. ರಾಮಾಂಜಿನಮ್ಮ ಅಲ್ಲೇ ಹೊಳೆಯಲ್ಲಿ ಸೌದೆ ಕಡಿಯುತ್ತಿರುತ್ತಾರೆ, ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಬೇಗ ಬಂದುಬಿಡುತ್ತೇನೆ.

ನಾಗವೇಣಿ


ಪುರವರ
ಆಗಸ್ಟ್ 31

ಅಕ್ಕ,

ಅವರು ಕ್ಷೇಮ. ಇದೊಂದನ್ನು ಮೊದಲು ಓದಿ.

ಹೊಳೆ ಬಂದಿದೆ. ನಾನು ಈ ದಡದಲ್ಲಿ, ಅವರು ಆ ದಡದಲ್ಲಿ. ರಸ್ತೆಯ ಮೇಲೆ ಆಳುದ್ದ ನೀರು. ನಿನ್ನೆ ಮಧ್ಯಾಹ್ನ ಬಸ್ಸಿಳಿದು ನೋಡಿದರೆ ಹೊಂಗೆಮರ ಸೊಂಟದವರೆಗೆ ನೀರಿನಲ್ಲಿತ್ತು, ಅದರ ಕೆಳಗೆ ಗಾಡಿ ಇರಲಿಲ್ಲ. ನನಗೆ ಏನಾಯಿತೆಂದು ಬರೆಯಲಾರೆ. ನೆಲದ ಮೇಲೆ ಕೂತುಬಿಟ್ಟಿದ್ದೆ. ಆಗ ಆಚೆಯಿಂದ ಹಾರ್ನ್ ಕೇಳಿಸಿತು. ತಲೆ ಎತ್ತಿದರೆ, ದಡದ ಮೇಲೆ, ಎತ್ತರದಲ್ಲಿ, ನಮ್ಮ ಗಾಡಿ. ಡ್ರೈವರ್ ಸೀಟಿನಲ್ಲಿ ನಿಮ್ಮ ತಮ್ಮ. ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸುತ್ತಿದ್ದರು. ಬಾಯಿ ಆಡುತ್ತಿತ್ತು ಅಕ್ಕ! ಹೊಳೆಯ ಅಬ್ಬರದಲ್ಲಿ ಒಂದು ಅಕ್ಷರವೂ ಕೇಳಿಸಲಿಲ್ಲ. ನಿಮ್ಮ ಹಾಗೆ ಬಾಯಿ ನೋಡಿ ತಿಳಿದುಕೊಂಡೆ. ನನ್ನ ಹೆಸರು ಕರೆಯುತ್ತಿದ್ದರು.

ಎಂಜಿನ್ ಇಲ್ಲದ ಗಾಡಿ ಮೇಲಕ್ಕೆ ಹೇಗೆ ಹತ್ತಿತೋ ನನಗೆ ಗೊತ್ತಿಲ್ಲ. ಕರೆಂಟಿಲ್ಲ, ಮೊಬೈಲ್ ಸತ್ತಿದೆ. ನೀರಿಳಿದ ಮೇಲೆ ದಾಟಿಸುತ್ತಾರಂತೆ. ರಾತ್ರಿಯೆಲ್ಲ ಇಲ್ಲಿನವರ ಜೊತೆ ದಡದಲ್ಲೇ ಇದ್ದೆ.

ನಾಗವೇಣಿ


ಸಿಂಧನೂರು
ಸೆಪ್ಟೆಂಬರ್ 2

ನಾಗವೇಣಿ,

ನಿಜ ಬರೆ ಎಂದು ಬರೆದ ನನ್ನ ಕಾಗದಕ್ಕೆ ನಿನ್ನ ಉತ್ತರ ಇನ್ನೂ ಬಂದಿಲ್ಲ. ಪೇಪರಿನಲ್ಲಿ ಮಧುಗಿರಿ, ಕೊರಟಗೆರೆ ಕಡೆ ಹೊಳೆ ಬಂದಿದೆ ಎಂದು ಫೋಟೋ ಹಾಕಿದ್ದಾರೆ. ಜಯಮಂಗಲಿ ಎಂಬ ಹೆಸರು ಓದಿದ ಕೂಡಲೇ ಪೇಪರು ಹಿಡಿದುಕೊಂಡೇ ಎದ್ದು ಹೊರಟೆ. ಪಕ್ಕದ ಮನೆಯ ಹುಡುಗಿಯಿಂದ ಫೋನು ಮಾಡಿಸಿದೆ, ಹತ್ತುತ್ತಿಲ್ಲ ಎಂದು ಕೈ ಆಡಿಸುತ್ತಾಳೆ.

ಇದನ್ನು ಮೊದಲೇ ನಿನಗೆ ಹೇಳಬೇಕಿತ್ತು. ನೀವು ಹೊರಡುವ ಹಿಂದಿನ ದಿನ ಅವನಿಗೆ ಉಣ್ಣಿಸುತ್ತಿದ್ದೆ. ಅವನು ನನ್ನ ಕೈ ಹಿಡಿದು, ನಾನು ಬಾಯಿ ನೋಡಲಿ ಎಂದು ಮೆಲ್ಲಗೆ ಹೇಳಿದ. "ನಾನು ಇಲ್ಲದಿದ್ದರೆ ನಾಗವೇಣಿಗೆ ಬಿಡುಗಡೆ ಅಕ್ಕ" ಎಂದ. ನಾನು ಅವನ ಬಾಯಿಗೆ ತುತ್ತು ತುರುಕಿ ಮಾತು ನಿಲ್ಲಿಸಿದೆ. ನಿನಗೆ ಹೇಳಲಿಲ್ಲ. ನೀನು ಕಷ್ಟಪಟ್ಟು ಗಾಡಿ ಕಟ್ಟಿಸಿದ್ದೆ, ಮುಖದಲ್ಲಿ ಏನೋ ಗೆಲುವಿತ್ತು. ಹೇಗೆ ಹೇಳಲಿ? ಹೋಗಬೇಡ ಎಂದು ಬೈದೆ. ನನಗೆ ಬರುವುದು ಅದೊಂದೇ.

ಎಲ್ಲಿದ್ದೀರಿ? ಒಂದು ಸಾಲು ಬರೆ. ಯಾರ ಕೈಯಿಂದಲಾದರೂ ಬರೆಸು.

ಹಂಪಮ್ಮ


ಪುರವರದ ಹತ್ತಿರ
ಸೆಪ್ಟೆಂಬರ್ 8

ಅಕ್ಕ,

ಅಕ್ಷರ ಸೊಟ್ಟಗಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿವೆ, ಸ್ಟೇರಿಂಗ್ ಹಿಡಿದು. ಎಷ್ಟೋ ದಿನದ ಮೇಲೆ ಎದ್ದ ಬೊಬ್ಬೆ, ನೋಡಿಕೊಳ್ಳಲು ಖುಷಿಯಾಗುತ್ತದೆ.

ನೀನು ನಾಗವೇಣಿಗೆ ಬರೆದದ್ದನ್ನು ಮೊದಲು ಓದಿದವನು ನಾನೇ. ಅವಳು ನೀರು ತರಲು ಹೋಗಿದ್ದಳು, ಸಣ್ಣರಂಗಯ್ಯ ತಂದು ನನ್ನ ಕೈಗೆ ಕೊಟ್ಟ. ನೀನು ಬರೆದದ್ದು ನಿಜ. ಹಾಗೆ ಹೇಳಿದ್ದೆ. ಅದು ಬರೀ ಬಾಯಿಮಾತೂ ಆಗಿರಲಿಲ್ಲ. ಅದಕ್ಕೇ ಆವತ್ತು ನಡೆದದ್ದನ್ನು ಬಚ್ಚಿಡದೆ ಬರೆಯುತ್ತೇನೆ.

ನಾಗವೇಣಿ ಬಸ್ಸಿಗೆ ಹೋದ ಮೇಲೆ ನಾನು ಡ್ರೈವರ್ ಸೀಟಿನಲ್ಲಿ ಕೂತಿದ್ದೆ. ಬಿಸಿಲು, ಗಾಳಿಯಿಲ್ಲ. ಮೊದಲು ಬೆಳ್ಳಕ್ಕಿಗಳು ಎದ್ದವು, ಎಲ್ಲವೂ ಒಟ್ಟಿಗೆ. ಆಮೇಲೆ ಮಣ್ಣು ನೆಂದ ವಾಸನೆ ಬಂತು. ಮಳೆಯಿಲ್ಲದೆ ಎಲ್ಲಿಂದ ಬಂತು ಎಂದು ಮೂಗು ಎತ್ತಿದೆ. ಆಮೇಲೆ ಸದ್ದು. ನಿನಗೆ ಹೇಗೆ ಹೇಳಲಿ? ಲೋಡಾದ ಲಾರಿಗಳು ಸಾಲಾಗಿ ಘಾಟಿ ಹತ್ತುವಾಗ ದೂರದಿಂದ ಎದೆಯೊಳಗೆ ಗುಂಯ್ ಎನ್ನುತ್ತದಲ್ಲ, ಹಾಗೆ. ಕಿವಿಗಿಂತ ಮೊದಲು ಸೀಟಿಗೆ ಗೊತ್ತಾಯಿತು.

ತಿರುವಿನಲ್ಲಿ ಧೂಳು ಎದ್ದಿತು. ನೀರಿನ ಮುಂದೆ ಧೂಳು ಏಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಅಕ್ಕ. ಒಣಗಿದ ಮರಳನ್ನು ತಳ್ಳಿಕೊಂಡು, ತರಗೆಲೆ, ಜಾಲಿಯ ಕಾಯಿ, ಹರಿದ ಚಪ್ಪಲಿ, ಬಿಳಿ ನೊರೆ ಎಲ್ಲವನ್ನೂ ಉರುಳಿಸಿಕೊಂಡು ಕೆಂಪು ನೀರು ಬಂತು. ಜಮಖಾನೆ ಬಿಚ್ಚಿ ಹಾಸಿದ ಹಾಗೆ. ಅವಸರವೇ ಇಲ್ಲ. ತಗ್ಗು ಸಿಕ್ಕರೆ ನಿಂತು ತುಂಬಿಸಿ ಮುಂದೆ ಬರುತ್ತಿತ್ತು. ಅದರ ಹಿಂದೆ ಇನ್ನೊಂದು ನೀರು, ಎತ್ತರದ್ದು, ಮರದ ಬೊಡ್ಡೆಗಳನ್ನೇ ಹೊತ್ತದ್ದು. ನಾನು ದೇಶದ ಎಷ್ಟೋ ಹೊಳೆಗಳನ್ನು ಸೇತುವೆಯ ಮೇಲಿಂದ ದಾಟಿದವನು. ಒಂದು ಹೊಳೆ ಹುಟ್ಟುವುದನ್ನು ಎದುರಿಗೆ ಕೂತು ನೋಡಿದ್ದು ಅದೇ ಮೊದಲು. ಕೈ ತಾನಾಗಿ ಮುಗಿಯಿತು.

ನನ್ನ ಕಡೆಗೇ ಬರುತ್ತಿದೆ ಎಂದು ಗೊತ್ತಾಯಿತು. ಬರಲಿ ಎಂದುಕೊಂಡೆ. ನಾಗವೇಣಿ ಇಲ್ಲ, ನಾನೇನೂ ಮಾಡಬೇಕಾಗಿಲ್ಲ, ಸುಮ್ಮನೆ ಕೂತಿದ್ದರೆ ಸಾಕು. ಎಷ್ಟು ಹೊತ್ತು ಹಾಗಿದ್ದೆನೋ.

ಆಗ ರಾಮಾಂಜಿನಮ್ಮ ಕಂಡಳು. ಹೊಳೆಯ ನಡುಮಧ್ಯೆ, ನೀರು ಬರುತ್ತಿದ್ದ ಕಡೆಗೆ ಬೆನ್ನು ಹಾಕಿ, ಬಗ್ಗಿ ಸೌದೆ ಕಟ್ಟುತ್ತಿದ್ದಳು. ಜಾಲಿಪೊದೆ ಅಡ್ಡ ಇದ್ದದ್ದರಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಕೂಗಲು ಬಾಯಿ ತೆರೆದೆ. ಗಂಟಲಿನಿಂದ ಬರೀ ಗಾಳಿ ಬಂತು. ಹೆದರಿಕೆಯಾಯಿತು ಅಕ್ಕ. ಆವತ್ತು ನನ್ನ ಜೀವಕ್ಕೆ ಹೆದರದವನಿಗೆ ಅವಳ ಜೀವಕ್ಕೆ ಕೈಕಾಲು ನಡುಗಿತು. ಕಾಲು ಎಂದು ಬರೆದೆ ನೋಡು. ನಡುಗಿದ ಹಾಗೇ ಅನ್ನಿಸಿತು.

ಹಾರ್ನ್ ಮೇಲೆ ಎರಡೂ ಅಂಗೈ ಇಟ್ಟು ಒತ್ತಿದೆ. ಎಂಜಿನ್ ಹೋದರೂ ಬ್ಯಾಟರಿ ಇತ್ತು. ಅವಳು ತಿರುಗಿ ನೋಡಿ, "ಏನ್ ಯಜಮಾನ್ರೇ, ಬಂದೆ ಇರಿ!" ಎಂದು ಕೈ ಎತ್ತಿ ಮತ್ತೆ ಬಗ್ಗಿದಳು. ನಾನು ಬಿಡಲಿಲ್ಲ. ಆಗ ಸೊಂಟಕ್ಕೆ ಕೈ ಇಟ್ಟು ಸಿಟ್ಟಿನಿಂದ ನೆಟ್ಟಗೆ ನಿಂತಳು. ನಾನು ತೋರಿಸಿದ ಕಡೆ ತಿರುಗಿದಳು. ಮಚ್ಚು ಎಸೆದು ಓಡಿದಳು ನೋಡು, ಜಿಂಕೆಯೂ ಹಾಗೆ ಓಡಿರಲಿಲ್ಲ. ಅವಳು ದಡ ಹತ್ತುವುದಕ್ಕೂ ಸೌದೆಯ ಹೊರೆ ತೇಲುವುದಕ್ಕೂ ಸರಿಹೋಯಿತು.

ಹಾರ್ನ್ ಕೇಳಿ ಊರೇ ಬಂತು. ಅಷ್ಟರಲ್ಲಿ ಗಾಡಿಯ ಮುಂದಿನ ಗಾಲಿಗಳು ನೀರಿನಲ್ಲಿ. ಸಣ್ಣರಂಗಯ್ಯ ಟ್ರ್ಯಾಕ್ಟರ್ ತಂದು ದಡದ ಮೇಲೆ ನಿಲ್ಲಿಸಿ, "ಮೊದ್ಲು ಅವ್ರನ್ನ ಎತ್ಕೊಳ್ರಲಾ! ಗಾಡಿ ಹಾಳಾಗೋಗ್ಲಿ!" ಎಂದು ಕೂಗಿದ. ಇಬ್ಬರು ಬಾಗಿಲಿಗೆ ಬಂದರು. ಆಗ ನನ್ನ ಗಂಟಲು ಬಿಚ್ಚಿತು. "ನನ್ನ ಮುಟ್ಟಬ್ಯಾಡ್ರಿ! ಹಗ್ಗ ಹಿಂದಕ ಕಟ್ರಿ!" ಎಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. ಗಾಡಿಯನ್ನು ಹಿಂದಕ್ಕೇ ಎಳೆಯಬೇಕಿತ್ತು. ದಾರಿ ಸೊಟ್ಟ, ಒಂದು ಕಡೆ ಮರ, ಒಂದು ಕಡೆ ಹಳ್ಳ. ಸ್ಟೇರಿಂಗ್ ತಿರುಗಿಸಲು ಒಬ್ಬರು ಒಳಗಿರಲೇಬೇಕು. ಕ್ಲಚ್ಚು ಬೇಡ, ಆಕ್ಸಿಲೇಟರು ಬೇಡ. ಎಂಜಿನ್ನೇ ಇಲ್ಲವಲ್ಲ! ಕೈ ಇದ್ದರೆ ಸಾಕಿತ್ತು. ಕೈ ನನಗಿತ್ತು.

ಟ್ರ್ಯಾಕ್ಟರಿನ ಹಗ್ಗದ ಜೊತೆಗೆ ಊರಿನವರೂ ಎರಡು ಹಗ್ಗ ಹಿಡಿದರು. ಕನ್ನಡಿ ನೋಡುತ್ತಾ, "ಎಡಕ, ಎಡಕ, ನಿಂದ್ರು!" ಎಂದು ಕೂಗುತ್ತಾ, ಜಾರಿದರೆ ಹ್ಯಾಂಡ್ ಬ್ರೇಕ್ ಎಳೆಯುತ್ತಾ, ಗಾಡಿಯನ್ನು ದಡಕ್ಕೆ ಹತ್ತಿಸಿದೆವು. ಸ್ಟೇರಿಂಗ್ ಬಂಡೆಯಂತೆ ಬಿಗಿಯಾಗಿತ್ತು. ಭುಜ ಕಿತ್ತು ಬರುವಷ್ಟು ನೋವು. ಆ ನೋವು ನನಗೆ ಬೇಕಿತ್ತು.

ಮೇಲೆ ಬಂದ ಮೇಲೆ ಕೇಕೆ ಹಾಕುತ್ತಾರೆ ಎಂದುಕೊಂಡೆ. ಯಾರೂ ಹಾಕಲಿಲ್ಲ. ಹಗ್ಗಗಳನ್ನು ಅಲ್ಲೇ ಬಿಟ್ಟು ಎಲ್ಲರೂ ದಡದಲ್ಲಿ ಸಾಲಾಗಿ ನಿಂತು ಹೊಳೆ ನೋಡಿದರು. ಹೆಂಗಸರು ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೆ ಒತ್ತಿಕೊಂಡರು. ಸಣ್ಣರಂಗಯ್ಯ, "ಗಂಗವ್ವ ಬಂದ್ಬುಟ್ಲು ಕಣ್ಲಾ, ಬಂದೇಬುಟ್ಲು" ಎಂದು ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದ. ರಾಮಾಂಜಿನಮ್ಮ ನನ್ನ ಕಿಟಕಿಯ ಹತ್ತಿರ ಬಂದಳು, ಗಾಡಿಯ ಮೈ ಸವರಿ ಹೋದಳು.

ನಾಗವೇಣಿ ಆಚೆ ದಡದಲ್ಲಿ ಕಂಡಾಗ ನಾನೇನು ಕೂಗಿದೆ ಎಂದು ಅವಳು ಬರೆದಿರಬಹುದು. ಮರುದಿನ ಸಂಜೆ ದೂರದ ಸೇತುವೆ ಸುತ್ತಿ ಬಂದಳು. ಬಂದವಳೇ ನನ್ನ ಬೆನ್ನಿಗೆ ಎರಡು ಗುದ್ದಿದಳು, ಆಮೇಲೆ ಅಲ್ಲೇ ಮುಖವಿಟ್ಟು ಅತ್ತಳು. ನಾವಿಬ್ಬರೂ ಬೆಳಗಿನವರೆಗೆ ಮಾತಾಡಿದೆವು. ಅದನ್ನು ಬರೆಯುವುದಿಲ್ಲ. ಅವಳಿಗೆ ಬಿಡುಗಡೆ ಕೊಡಬೇಕು ಎಂದುಕೊಂಡಿದ್ದೆ ಎಂದು ನಾನು ಹೇಳಿದಾಗ ಅವಳು ಹೇಳಿದ ಒಂದು ಮಾತು ಮಾತ್ರ ಬರೆಯುತ್ತೇನೆ: "ಬಿಡುಗಡೆ ಬೇಕಿದ್ದರೆ ಡ್ರೈವಿಂಗ್ ಕಲಿತವಳು ಒಬ್ಬಳೇ ಹೋಗುತ್ತಿರಲಿಲ್ಲವೇ?"

ಮಾತ್ರೆಯ ಡಬ್ಬಿ ಈಗ ಒಲೆಯ ಮಗ್ಗುಲಿಗಿದೆ. ಎಲ್ಲ ದಿನವೂ ಹೀಗೇ ಇರುತ್ತದೆ ಎಂದು ನಾನು ಆಣೆ ಮಾಡಲಾರೆ. ನಿನ್ನೆ ಮಧ್ಯಾಹ್ನ ಮತ್ತೆ ಮನಸ್ಸು ಕತ್ತಲಾಗಿತ್ತು. ಆದರೆ ಈ ಸಲ ಬಾಯಿಬಿಟ್ಟು ಹೇಳಿದೆ. ಮಧುಗಿರಿಯ ಆಸ್ಪತ್ರೆಯಲ್ಲಿ ಇಂಥದ್ದಕ್ಕೆ ನೋಡುವ ಡಾಕ್ಟರು ವಾರಕ್ಕೊಮ್ಮೆ ಬರುತ್ತಾರಂತೆ, ಹೋಗುತ್ತೇವೆ.

ಹಬೀಬ್ ಸಾಬ್ ಎಂಜಿನ್ ತಂದು ಕೂರಿಸಿದರು. ಕಿವಿಗೊಟ್ಟು ಕೇಳಿದೆ, ಸದ್ದು ಸರಿಯಾಗಿದೆ. "ಇಲ್ಲೇ ನಿಂತಿತ್ತಾ ಗಾಡಿ? ಯಾ ಅಲ್ಲಾ!" ಎಂದು ಹೊಂಗೆಮರಕ್ಕೆ ನೀರು ಬಂದ ಗುರುತನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದರು. ಹೊಳೆ ಈಗ ತಿಳಿಯಾಗಿ ಹರಿಯುತ್ತಿದೆ. ಮುಂದಿನ ವಾರ ನಾವು ಕನ್ಯಾಕುಮಾರಿಗೆ ಹೊರಡೋಣವೋ, ನಿನ್ನ ಹತ್ತಿರ ಬರೋಣವೋ? ನೀನು ಹೇಳಿದ ಹಾಗೆ.

ಪಂಪಾಪತಿ


ಸಿಂಧನೂರು
ಸೆಪ್ಟೆಂಬರ್ 14

ಪಂಪಾ,

ನಿನ್ನ ಕಾಗದವನ್ನು ನಡುಮನೆಯಲ್ಲಿ ಕೂತು ದೊಡ್ಡ ದನಿಯಲ್ಲಿ ಓದಿದೆ. ನನಗೆ ಕೇಳಿಸುವುದಿಲ್ಲ, ಮನೆಗಾದರೂ ಕೇಳಿಸಲಿ ಎಂದು. ಓಣಿಯವರು ಬಾಗಿಲಿಗೆ ಬಂದು ನಿಂತಿದ್ದರಂತೆ. ನಾನು ನೋಡಿಕೊಂಡದ್ದು ಓದಿ ಮುಗಿದ ಮೇಲೆ. ಎಲ್ಲರ ಕಣ್ಣಲ್ಲೂ ನೀರು. ಯಾರನ್ನೂ ಬೈಯಲಿಲ್ಲ.

ನಾಗವೇಣಿಯ ಎರಡು ಕಾಗದಗಳೂ ಬಂದಿವೆ. ಅವಳಿಗೆ ಬೇರೆಯಾಗಿ ಬರೆಯುವುದಿಲ್ಲ, ಎದುರಿಗೇ ಹೇಳುತ್ತೇನೆ. ಅವಳ ಕೈ ಹಿಡಿದು ಹೇಳಬೇಕಾದ್ದು ಕಾಗದಕ್ಕೆ ಬರುವುದಿಲ್ಲ.

ಕನ್ಯಾಕುಮಾರಿಗೂ ಹೊರಡಬೇಡಿ, ಇಲ್ಲಿಗೂ ಬರಬೇಡಿ. ಅಲ್ಲೇ ಇರಿ. ಹೊಳೆ ಬಂದ ಸದ್ದನ್ನು ಲಾರಿಯ ಹಾಗೆ ಎಂದು ಬರೆದಿದ್ದೀ. ಸದ್ದು ನನಗೆ ದಕ್ಕುವುದಿಲ್ಲ. ಆದರೆ ಕಿವಿಗಿಂತ ಮೊದಲು ಸೀಟಿಗೆ ಗೊತ್ತಾಯಿತು ಎಂದಿದ್ದೀ. ಹಾಗಾದರೆ ನನ್ನ ಕಾಲಿಗೂ ಗೊತ್ತಾಗುತ್ತದೆ. ನೀರಿನಲ್ಲಿ ನಿಂತು ನೋಡುತ್ತೇನೆ.

"ಮಧುಗಿರಿಯಲ್ಲಿ ಇಳಿಸಿ, ನನಗೆ ಕಿವಿ ಕೇಳಿಸುವುದಿಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆದು ಇಟ್ಟುಕೊಂಡಿದ್ದೇನೆ, ಕಂಡಕ್ಟರಿಗೆ ತೋರಿಸಲು. ಜೋಳದ ರೊಟ್ಟಿ ಕಟ್ಟಿದ್ದೇನೆ, ಆ ರಾಮಾಂಜಿನಮ್ಮನಿಗೂ ಸೇರಿಸಿ. ಅಗಿದು ತಿನ್ನಬೇಕೆಂದು ನಾನೇ ಹೇಳಿಕೊಡುತ್ತೇನೆ. ಈ ಕಾಗದ ಮುಟ್ಟುವ ಮುಂಚೆ ನಾನೇ ಮುಟ್ಟಿದರೂ ಮುಟ್ಟಿಯೇನು. ನಾಳೆ ಬೆಳಗಿನ ಬಸ್ಸು.

ಅಕ್ಕ